ಎರಡು ಇಂಚು ಕಡಿಮೆ

ಏಳು ವರ್ಷದ ಜೈಲು ಮುಗಿಸಿ ಹಿರಿಮಗ ಮನೆಗೆ ಬರುವ ವಾರ, ಆ ಹೊಲಿಗೆ ಅಂಗಡಿಯ ಸೊಸೆ ದೊಡ್ಡ ಕತ್ತರಿಗೆ ಸಾಣೆ ಹಿಡಿಸಿದಳು. ಅತ್ತೆ ಅದನ್ನು ನೋಡಿ, ಭಾವನಿಗೆಂದೇ ಸಜ್ಜು ಮಾಡುತ್ತಿದ್ದಾಳೆ ಎಂದುಕೊಂಡು ಕಣ್ಣೊರೆಸಿಕೊಂಡರು. ಕತ್ತರಿ ಮೊಂಡಾಗಿತ್ತು, ಕೆಲಸ ನಿಂತಿತ್ತು, ಹಿಡಿಸಿದ್ದಳು, ಅಷ್ಟೇ. ಯಾರಿಗಾಗಿ ಎಂದು ಅತ್ತೆ ಕೇಳಿದ್ದರೆ ಹೇಳುತ್ತಿದ್ದಳು. ಅತ್ತೆ ಕೇಳಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಗಾಜಿನ ಬಾಗಿಲು, ಕಿಟಕಿಯ ಬಳಿ ಎರಡು ಮಷಿನ್, ಒಳಗೋಡೆಗೆ ಒತ್ತಿ ಅತ್ತೆಯ ಕುರ್ಚಿ, ನಟ್ಟನಡುವೆ ಕಟಿಂಗ್ ಮೇಜು. ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಮೇಜು. ಮೊದಲು ಅದರ ಹಿಂದೆ ಮಾವ ನಿಲ್ಲುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಿರಿಮಗ. ಅವನನ್ನು ಮನೆಯಲ್ಲಿ ದೊಡ್ಡೋನು ಎನ್ನುತ್ತಾರೆ, ತಮ್ಮನನ್ನು ಚಿಕ್ಕೋನು. ಚಿಕ್ಕೋನ ಹೆಂಡತಿಯೇ ಈ ಸೊಸೆ. ಮದುವೆಯಾಗಿ ಬಂದಾಗ ಅವಳ ಪಾಲಿಗೆ ಬಂದದ್ದು ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ. ಮೇಜಿನ ಹತ್ತಿರ ಸುಳಿದರೆ ದೊಡ್ಡೋನು, "ಸೀಮೆಸುಣ್ಣದ ಗೆರೆ ಅಳಿಸಿ ಹೋಗುತ್ತೆ, ಆ ಕಡೆ ಇರಮ್ಮಾ" ಎನ್ನುತ್ತಿದ್ದ. ಬೈದು ಹೇಳುತ್ತಿರಲಿಲ್ಲ, ಬೆಕ್ಕಿಗೆ ಹೇಳುವ ಹಾಗೆ ಹೇಳುತ್ತಿದ್ದ. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದಳು.

ಆಮೇಲೆ ಆ ಗಲಾಟೆ. ಲೈನಿಂಗ್ ಬಟ್ಟೆ ತಂದುಕೊಡುವ ಏಜೆಂಟ್ ಹುಳು ತಿಂದ ಮಾಲು ತಂದು ಹಾಕಿದ್ದ. ಮಾತಿಗೆ ಮಾತು ಬೆಳೆಯಿತು. ಏಜೆಂಟ್ ಮೊದಲು ಕಾಲರಿಗೆ ಕೈ ಹಾಕಿದ, ದೊಡ್ಡೋನು ದಬ್ಬಿದ, ಆ ಮನುಷ್ಯ ಅಂಗಾತ ಮೆಟ್ಟಿಲ ಕಲ್ಲಿನ ಮೇಲೆ ಬಿದ್ದ, ಮತ್ತೆ ಏಳಲಿಲ್ಲ. ಯಾರು ಮೊದಲು ಕೈ ಮಾಡಿದರು ಎನ್ನುವುದನ್ನು ನೋಡಿದವನು ಚಿಕ್ಕೋನೊಬ್ಬನೇ. ಕೋರ್ಟಿನಲ್ಲಿ ಅವನು, "ನಾನು ಬಾಬಿನ್ ತುಂಬ್ತಾ ಇದ್ದೆ, ತಲೆ ಎತ್ತಿ ನೋಡ್ಲಿಲ್ಲ" ಎಂದ. ಹಾಗೆ ಹೇಳಿ ಎಂದು ಹೇಳಿಕೊಟ್ಟವಳು ಹೆಂಡತಿ. "ನೀವೂ ಅದ್ರಲ್ಲಿ ಸಿಕ್ಕಿಹಾಕ್ಕೊಂಡ್ರೆ ಮನೆ ಗತಿ ಏನು?" ಎಂದಿದ್ದಳು. ಭಯಕ್ಕೆ ಹೇಳಿದ್ದಳು; ಆಗ ಅವಳ ಮನಸ್ಸಿನಲ್ಲಿ ಮೇಜು ಎಳ್ಳಷ್ಟೂ ಇರಲಿಲ್ಲ. ಇದನ್ನು ಅವಳ ಪರವಾಗಿ ಹೇಳಿಬಿಡಬೇಕು. ಇನ್ನು ಮುಂದೆ ಅವಳ ಪರವಾಗಿ ಹೇಳುವಂಥದ್ದು ಹೆಚ್ಚೇನೂ ಸಿಗುವುದಿಲ್ಲ.

ದೊಡ್ಡೋನು ಹೋದ ಮೇಲೆ ಅಂಗಡಿ ಮೂರು ತಿಂಗಳು ಬಾಗಿಲು ಹಾಕಿತ್ತು. ಚಿಕ್ಕೋನು ಹೊಲಿಗೆಯಲ್ಲಿ ಎತ್ತಿದ ಕೈ, ಆದರೆ ಕತ್ತರಿ ಮುಟ್ಟಿದರೆ ಬೆವರುವ ಆಸಾಮಿ. ಸೊಸೆ ಹಳೆಯ ಕೋಟುಗಳ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಕಾಗದದ ಮೇಲೆ ಹರಡಿ, ಸುತ್ತ ಗೆರೆ ಎಳೆದುಕೊಂಡು ಕಲಿತಳು. ಹಾಸಿಗೆಯ ಚಾದರ ಕತ್ತರಿಸಿ ಕೆಡಿಸಿದಳು, ಕಿಟಕಿಯ ಪರದೆ ಕೆಡಿಸಿದಳು, ಗಂಡನ ಪ್ಯಾಂಟುಗಳನ್ನೆಲ್ಲ ಕೆಡಿಸಿ ಅವನನ್ನು ಒಂದೇ ಪ್ಯಾಂಟಿನಲ್ಲಿ ತಿಂಗಳುಗಟ್ಟಲೆ ಓಡಾಡಿಸಿದಳು. ಎರಡನೆಯ ವರ್ಷಕ್ಕೆ ಗಿರಾಕಿಗಳು ತಿರುಗಿ ಬಂದರು. ನಾಲ್ಕನೆಯ ವರ್ಷಕ್ಕೆ ಬೀದಿಯವರು ಅವಳನ್ನು ಮಾಸ್ಟರಮ್ಮ ಎಂದು ಕರೆಯತೊಡಗಿದರು. ಅವಳಿಗೆ ಮಕ್ಕಳಾಗಿರಲಿಲ್ಲ. ಅದಕ್ಕೆ ಜನ ಹಿಂದಿನಿಂದ ಇಟ್ಟಿದ್ದ ಹೆಸರುಗಳೆಲ್ಲ ಈ ಒಂದು ಹೆಸರಿನ ಕೆಳಗೆ ಮುಚ್ಚಿಹೋದವು.

ಆ ಅಂಗಡಿಯ ಒಂದು ಕಟ್ಟಳೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿ ಒಬ್ಬರು ಟೇಪು ಹಿಡಿದು ಅಳತೆ ಕೂಗಬೇಕು, ಇನ್ನೊಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕತ್ತರಿಸಬೇಕು. ಬಹಳ ಹಿಂದೆ ಮಾವ ಒಬ್ಬ ದೊಡ್ಡ ಮನುಷ್ಯರ ಸೊಂಟದ ಸುತ್ತಳತೆಯನ್ನು ಇದ್ದ ಹಾಗೇ ಕೂಗಿದ್ದರಂತೆ. ಬಾಗಿಲಲ್ಲಿ ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ಆ ದೊಡ್ಡ ಮನುಷ್ಯರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಹೊಟ್ಟೆಯಿದ್ದ ಗಿರಾಕಿಯ ಸೊಂಟವನ್ನು ಎರಡು ಇಂಚು ಕಡಿಮೆ ಕೂಗುವುದು, ಕತ್ತರಿಸುವವನು ಮನಸ್ಸಿನಲ್ಲೇ ಎರಡು ಇಂಚು ಸೇರಿಸಿಕೊಳ್ಳುವುದು ಎಂದು ಕಟ್ಟಳೆಯಾಯಿತು. ಗಿರಾಕಿಯ ಮಾನವೂ ಉಳಿಯಿತು, ಕೋಟಿನ ಗುಂಡಿಯೂ ಉಳಿಯಿತು. ಅತ್ತೆ ಈ ಕಥೆಯನ್ನು ವಾರಕ್ಕೊಮ್ಮೆಯಾದರೂ ಮನೆಯವರಿಗೆ ಹೇಳುತ್ತಿದ್ದರು. ಆದರೆ ಸೊಸೆ ಕತ್ತರಿ ಹಿಡಿದ ಹೊಸತರಲ್ಲಿ ಚಿಕ್ಕೋನು ಒಂದು ದಿನ ಕಡಿಮೆ ಕೂಗಿ, ಇನ್ನೊಂದು ದಿನ ಮರೆತು ಇದ್ದಷ್ಟೇ ಕೂಗಿ ಅವಳ ತಲೆ ತಿನ್ನುತ್ತಿದ್ದ. "ಇದ್ದದ್ದನ್ನ ಇದ್ದ ಹಾಗೇ ಕೂಗಿ, ಸ್ವಲ್ಪ ಮೆಲ್ಲಗೆ ಕೂಗಿ, ಸಾಕು" ಎಂದು ಅವಳು ಆ ಕಟ್ಟಳೆಯನ್ನು ಸದ್ದಿಲ್ಲದೆ ಎತ್ತಿಹಾಕಿದಳು. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಮಾವನ ಫೋಟೋದ ಮುಂದೆ ನಿಂತು ರಂಪ ಮಾಡುತ್ತಿದ್ದರು. ವಿಷಯ ಗಂಡ ಹೆಂಡತಿಯ ನಡುವೆಯೇ ಉಳಿಯಿತು.

ದೊಡ್ಡೋನು ಬಂದದ್ದು ಮಧ್ಯಾಹ್ನ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಹೋದವನು ದಪ್ಪ ಕುತ್ತಿಗೆಯ, ಗಟ್ಟಿ ದನಿಯ ಮನುಷ್ಯ. ಬಂದವನ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಆಡುವಂತಿತ್ತು. ಸೊಸೆಯ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಹದಿನಾಲ್ಕೂವರೆ ಇಂಚು, ಎಂದುಕೊಂಡಳು. ಅತ್ತೆ ಅವನ ಎರಡೂ ಕೈ ಹಿಡಿದು ಅತ್ತರು. ಚಿಕ್ಕೋನು, "ಅಣ್ಣಾ, ದಾರೀಲಿ ಏನೂ ತೊಂದ್ರೆ ಆಗ್ಲಿಲ್ಲ ತಾನೆ?" ಎಂದು ಮದುವೆಗೆ ಬಂದ ನೆಂಟನನ್ನು ಕೇಳುವ ಹಾಗೆ ಕೇಳಿ, ಕೇಳಿದ ಮೇಲೆ ತಾನೇ ಪೆಚ್ಚಾದ.

ಸೊಸೆ ಅವನ ಸಿಟ್ಟಿಗೆ ತಯಾರಾಗಿದ್ದಳು. ಅವನು ಗದರಿದರೆ ಹೇಗೆ, ಮೇಜು ಗುದ್ದಿದರೆ ಹೇಗೆ, ಕೋರ್ಟಿನ ಮಾತು ತೆಗೆದರೆ ಹೇಗೆ, ಎಲ್ಲಕ್ಕೂ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಒಂದೂ ಖರ್ಚಾಗಲಿಲ್ಲ. ಅವನು ಮೇಜಿನ ಆಚೆ ಒಂದು ಹಲಗೆ ಹಾಕಿಕೊಂಡು, ಅವಳು ಕೊಟ್ಟ ಶಾಲೆಯ ಸಮವಸ್ತ್ರಗಳನ್ನು ಕತ್ತರಿಸಿದ. ಸಂಜೆ ಕೆಲಸ ಮುಗಿದ ಮೇಲೆ ಕತ್ತರಿ, ಟೇಪು, ನಾಲ್ಕು ಸೂಜಿಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು, ಕೈ ಕಟ್ಟಿ ನಿಂತ. ಜೈಲಿನ ಹೊಲಿಗೆ ವಿಭಾಗದಲ್ಲಿ ಹಾಗಂತೆ. ಸೂಜಿ ಎಣಿಸಿ ಒಪ್ಪಿಸದೆ ಯಾರೂ ಕದಲುವ ಹಾಗಿಲ್ಲ. ಅತ್ತೆ ಗೋಳೋ ಎಂದು ಅತ್ತರು. ಚಿಕ್ಕೋನು "ಏನಣ್ಣಾ, ನಾವೇನು ಪೊಲೀಸ್ನೋರಾ?" ಎಂದು ಹಲ್ಲು ಕಿರಿದ. ಸೊಸೆ ಮಾತ್ರ ಹತ್ತಿರ ಬಂದು, ಒಂದೊಂದಾಗಿ ನೋಡಿ, "ಸರಿ ಇದೆ ಭಾವ, ಹೋಗಿ" ಎಂದಳು. ಅವನ ಮುಖ ಹಗುರಾಯಿತು.

ಕನಿಕರದಿಂದ ಮಾಡಿದೆ ಎಂದೇ ಅವಳು ತಿಳಿದಿದ್ದಳು. ಮರುದಿನ ಅವನು ಸೂಜಿಗಳನ್ನು ನೇರವಾಗಿ ಅವಳ ಮುಂದೆಯೇ ತಂದಿಟ್ಟ. ಅದು ಅವಳಿಗೆ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ನಾಲ್ಕನೆಯ ದಿನ ಅವನು ತುಸು ತಡ ಮಾಡಿದಾಗ ಇವಳೇ ಕತ್ತು ಉದ್ದ ಮಾಡಿ ನೋಡಿದಳು. ಬೆಕ್ಕಿನ ಹಾಗೆ ಓಡಿಸುತ್ತಿದ್ದವನು ಈಗ ಅವಳ ಎದುರು ಕೈ ಕಟ್ಟಿ ನಿಲ್ಲುತ್ತಿದ್ದ. ಸುಖ ಎನ್ನುವುದು ಎಲ್ಲಿಂದ ಬರುತ್ತದೆಂದು ಯಾರು ಹೇಳಬಲ್ಲರು.

ಒಂದು ವಾರವಾದ ಮೇಲೆ ಅವನು ಕೇಳಿದ: "ಕೂಗೋದು ಅಪ್ಪನ ಕಾಲದ ಹಾಗೇ ಇದೆಯೇನಮ್ಮಾ?"

"ಇಲ್ಲ ಭಾವ. ಈಗ ಇದ್ದದ್ದನ್ನ ಇದ್ದ ಹಾಗೇ ಕೂಗ್ತೀವಿ. ನೀವು ಏನೂ ಸೇರಿಸ್ಬೇಡಿ" ಎಂದಳು. ಆ ದಿನ ಅವಳು ಹೇಳಿದ್ದು ನಿಜ.

"ಒಳ್ಳೇದೇ ಆಯ್ತು. ಅಲ್ಲೂ ಹಾಗೇ. ಕೂಗಿದ್ದಕ್ಕಿಂತ ಒಂದು ನೂಲು ಹೆಚ್ಚು ಕತ್ತರಿಸಿದ್ರೆ ಕೇಳೋರಿದ್ರು" ಎಂದ ಅವನು.

ಮೂರು ವಾರದೊಳಗೆ ಅವನ ಕೈ ಕುದುರಿತು. ಸೊಸೆ ಬಟ್ಟೆಯೊಂದಿಗೆ ಗುದ್ದಾಡಿ ಗೆಲ್ಲುವವಳು. ಹತ್ತು ಸಲ ಅಳೆದು, ಉಸಿರು ಬಿಗಿಹಿಡಿದು, ಒಮ್ಮೆ ಕತ್ತರಿಸುವವಳು. ಅವನು ಬಟ್ಟೆಯನ್ನು ಒಮ್ಮೆ ಕೊಡವಿ, ಅಂಗೈಯಿಂದ ಸವರಿ, ಕತ್ತರಿಯನ್ನು ಬಿಟ್ಟುಬಿಡುತ್ತಿದ್ದ. ಕತ್ತರಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಏಳು ವರ್ಷ ಮೂರೇ ಮೂರು ಅಳತೆಯ ಕೈದಿ ಬಟ್ಟೆ ಕತ್ತರಿಸಿಯೂ ಆ ಕೈ ಕೆಟ್ಟಿರಲಿಲ್ಲ. ಅವಳು ಏಳು ವರ್ಷ ಹೆಣಗಿ ಕಲಿತದ್ದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ನೋಡುತ್ತ ನೋಡುತ್ತ ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಆ ಬೆಂಕಿಗೆ ಅತ್ತೆ ಊಟದ ಹೊತ್ತಿಗೆ ಎಣ್ಣೆ ಸುರಿದರು. "ಒಂದನೇ ತಾರೀಖಿಂದ ದೊಡ್ಡೋನು ಮೇಜಿಗೆ ನಿಂತ್ಕೊಳ್ಳಲಿ. ನೀನೂ ಪಾಪ ದಣಿದಿದೀಯ ಕಣೇ. ಇಷ್ಟು ವರ್ಷ ಅವನ ಜಾಗ ಕಾದ್ಯಲ್ಲ, ಅದೇ ದೊಡ್ಡದು. ಇನ್ನು ಕಾಜಾ, ಗುಂಡಿ ನೋಡ್ಕೊಂಡು ಹಾಯಾಗಿರು" ಎಂದರು. ಅವರ ದನಿಯಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು.

"ನಂಗೇನೂ ಅವಸರ ಇಲ್ಲಮ್ಮ" ಎಂದ ದೊಡ್ಡೋನು, ತಟ್ಟೆ ನೋಡುತ್ತಾ. ಬೇಡ ಎನ್ನಲಿಲ್ಲ. ಸೊಸೆ ಅದನ್ನು ಗಮನಿಸಿದಳು. ಪಾತ್ರೆ ತೆಗೆದಿಡುವಾಗ ಅಡುಗೆಮನೆಯಲ್ಲಿ ಗಂಡನನ್ನು ಹಿಡಿದು ನಿಲ್ಲಿಸಿ, "ನೀವು ಒಂದು ಮಾತು ಆಡ್ಬಾರ್ದಿತ್ತೇನ್ರೀ?" ಎಂದಳು.

"ಅಮ್ಮ ಹೇಳಿದ್ಮೇಲೆ ನಾನೇನು ಹೇಳ್ಲೇ? ಅಣ್ಣನೇ ಅಲ್ವಾ" ಎಂದು ಚಿಕ್ಕೋನು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ಎಲ್ಲದರಿಂದಲೂ ಕೈ ತೊಳೆದುಕೊಳ್ಳುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರಿರಲಿಲ್ಲ.

ಎರಡು ದಿನ ಕಳೆದು ಕಾಲೇಜಿನ ಪ್ರಾಂಶುಪಾಲರು ಬಂದರು. ಭಾನುವಾರ ಮಗಳ ಮದುವೆ, ಕೋಟು ಬೇಕು. ಬಟ್ಟೆಯನ್ನು ಅಳಿಯನೇ ಹೊರದೇಶದಿಂದ ತಂದುಕೊಟ್ಟಿದ್ದ. ಬೂದು ಬಣ್ಣದೊಳಗೆ ನೀಲಿ ಎಳೆ ಓಡುವ ಉಣ್ಣೆ. ಅಂಥದ್ದು ಪೇಟೆಯಲ್ಲಿ ಹುಡುಕಿದರೂ ಸಿಗದು, ಇದ್ದದ್ದೂ ಅಳತೆಗೆ ಸರಿಯಾಗಿ ಅಷ್ಟೇ. ಅತ್ತೆ ಕುರ್ಚಿಯಿಂದಲೇ ಘೋಷಿಸಿದರು: "ಸಾರ್, ಇದನ್ನ ನಮ್ಮ ದೊಡ್ಡ ಮಗನೇ ಕತ್ತರಿಸ್ತಾನೆ. ಅವರಪ್ಪನ ಕೈ ಅವನಿಗೆ ಬಂದಿದೆ." ಪ್ರಾಂಶುಪಾಲರು ಸಂಕೋಚದಿಂದಲೇ ಆದರೂ ದೊಡ್ಡೋನ ಕೈ ಕುಲುಕಿದರು. ಒಳ್ಳೆಯ ಮನುಷ್ಯ, ಹೊಟ್ಟೆಯೂ ಅಷ್ಟೇ ಧಾರಾಳವಾಗಿತ್ತು.

ಸೊಸೆ ಟೇಪು ಹಿಡಿದಳು. ದೊಡ್ಡೋನು ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತ. ಭುಜ, ಎದೆ, ತೋಳು, ಬೆನ್ನು, ಎಲ್ಲವನ್ನೂ ಇದ್ದ ಹಾಗೇ ಕೂಗಿದಳು. ಸೊಂಟಕ್ಕೆ ಬಂದಾಗ ಟೇಪು ನಲವತ್ತನಾಲ್ಕು ತೋರಿಸಿತು. ಮುಂಚೆಯೇ ಯೋಚಿಸಿಟ್ಟಿದ್ದಳೆಂದರೆ ಸುಳ್ಳಾಗುತ್ತದೆ, ಯೋಚಿಸಿರಲಿಲ್ಲ ಎಂದರೂ ಸುಳ್ಳಾಗುತ್ತದೆ. "ನಲವತ್ತೆರಡು" ಎಂದು ಕೂಗಿದಳು.

ಕಿಟಕಿಯ ಬಳಿ ಚಿಕ್ಕೋನ ಮಷಿನ್ ನಿಂತಿತು. ಪ್ರಾಂಶುಪಾಲರ ಹಳೆಯ ಕೋಟು ಹೊಲಿದವನು ಅವನೇ; ಅದು ನಲವತ್ತಮೂರು ಎಂದು ಅವನಿಗೆ ಗೊತ್ತಿತ್ತು, ಮದುವೆಯ ಮನೆಯಲ್ಲಿ ಯಾರೂ ಸಣ್ಣಗಾಗುವುದಿಲ್ಲ ಎಂದೂ ಗೊತ್ತಿತ್ತು. ಅವನು ಹೆಂಡತಿಯ ಬೆನ್ನು ನೋಡಿದ. ಅವಳು ತಿರುಗಲಿಲ್ಲ. ಎರಡು ಕ್ಷಣ ಕಳೆದು ಮಷಿನ್ ಮತ್ತೆ ಓಡತೊಡಗಿತು. ಆಗ ಅವಳಿಗೆ ಧೈರ್ಯ ಬಂತು. "ಬಟ್ಟೆ ಕಡಿಮೆ ಇದೆ ಭಾವ, ಒಳಹೊಲಿಗೆಗೆ ಹೆಚ್ಚು ಬಿಡ್ಬೇಡಿ" ಎಂದು ಮೇಲೊಂದು ಮಾತು ಸೇರಿಸಿದಳು. ಆಮೇಲೆ ಬಿಚ್ಚಿ ಅಗಲ ಮಾಡುವ ದಾರಿಯೂ ಅಲ್ಲಿಗೆ ಮುಚ್ಚಿತು.

ದೊಡ್ಡೋನು ಆ ದಿನ ಕತ್ತರಿಸಲಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಹಾಗೇ ಬಿಟ್ಟ. ಬಟ್ಟೆ ಒಂದಿಡೀ ದಿನ ಅಲ್ಲೇ ಬಿದ್ದಿತ್ತು. ಚಿಕ್ಕೋನು ಎರಡು ಸಲ ಮೇಜಿನ ಹತ್ತಿರ ಬಂದು, ಎರಡು ಸಲವೂ ಒಂದೊಂದು ದಾರದ ಉಂಡೆ ಎತ್ತಿಕೊಂಡು ಹೋದ. ಸೊಸೆ ಅದರ ಪಕ್ಕದಲ್ಲೇ ಕುಳಿತು ಯಾರದೋ ಶರ್ಟಿಗೆ ಗುಂಡಿ ಹಚ್ಚಿದಳು. ಮರುದಿನ ಬೆಳಗ್ಗೆ ದೊಡ್ಡೋನು ಬಟ್ಟೆಗೆ ಕತ್ತರಿ ಹಾಕಿದ.

ಶುಕ್ರವಾರ ಟ್ರಯಲ್. ಪ್ರಾಂಶುಪಾಲರ ಜೊತೆ ಅವರ ಹೆಂಡತಿಯೂ ಇಬ್ಬರು ಬೀಗರೂ ಬಂದಿದ್ದರು. ಭುಜ ಎರಕ ಹೊಯ್ದ ಹಾಗೆ ಕೂತಿತು. ಅತ್ತೆ ಹೆಮ್ಮೆಯಿಂದ ಸುತ್ತ ನೋಡಿದರು. ಗುಂಡಿ ಹಾಕಲು ಹೋದರೆ ಎರಡು ಅಂಚುಗಳ ನಡುವೆ ಎರಡು ಬೆರಳಗಲ ಬಿಳಿ ಶರ್ಟು ಇಣುಕುತ್ತಿತ್ತು. ಪ್ರಾಂಶುಪಾಲರು ಉಸಿರು ಒಳಗೆಳೆದುಕೊಂಡರು. ಮುಖ ಕೆಂಪಾಯಿತೇ ಹೊರತು ಗುಂಡಿ ಸೇರಲಿಲ್ಲ. ಬೀಗರಲ್ಲೊಬ್ಬರು, "ಮದುವೆ ಮುಗಿಯೋವರೆಗೆ ಊಟ ಬಿಟ್ಬಿಡಿ" ಎಂದರು, ಎಲ್ಲರೂ ನಕ್ಕರು. ಪ್ರಾಂಶುಪಾಲರು ಕೋಟು ಬಿಚ್ಚಲು ಪರದೆಯ ಹಿಂದೆ ಹೋದರು. ಅವರ ಹೆಂಡತಿಯ ಕಣ್ಣು ತುಂಬಿತ್ತು. ಬೀಗರನ್ನು ಕರೆದುಕೊಂಡು ಅವರು ಬೀದಿಗಿಳಿದರು.

ಅತ್ತೆ ಕುರ್ಚಿಯಿಂದ ಎದ್ದು ಬಂದು ಪುಸ್ತಕ ಕಿತ್ತುಕೊಂಡು ನೋಡಿದರು. "ನಲವತ್ತೆರಡು ಅಂತ ಬರ್ದಿದೆ. ಅಷ್ಟೇ ಕತ್ತರಿಸಿದ್ಯೇನೋ?"

"ಅಷ್ಟೇ ಕೂಗಿದ್ದು" ಎಂದ ದೊಡ್ಡೋನು.

ಸೊಸೆ ದನಿ ತಗ್ಗಿಸಿದಳು. ಪರದೆಯ ಹಿಂದಿನವರಿಗೆ ಕೇಳಬಾರದೆಂಬ ಮರ್ಯಾದೆ ಅವಳಿಗೆ ಆಗಲೂ ಇತ್ತು. "ಕೂಗಿದ್ದು ಅಷ್ಟೇ ಅತ್ತೆ, ನಾನೇ ಕೂಗ್ದೆ. ಆದ್ರೆ ಮಾವನ ಕಾಲದಿಂದ್ಲೂ ಎರಡು ಇಂಚು ಕಡಿಮೆ ಕೂಗೋದು ತಾನೆ ನಮ್ಮ ಪದ್ಧತಿ? ಭಾವನಿಗೆ ಗೊತ್ತಿರ್ದೆ ಇರುತ್ತಾ?"

ದೊಡ್ಡೋನು ಅವಳ ಕಡೆ ನೋಡಲಿಲ್ಲ. ತಮ್ಮನನ್ನು ನೋಡಿದ. ದಬಾಯಿಸುವ ನೋಟವಲ್ಲ, ಕೇಳುವ ನೋಟವೂ ಅಲ್ಲ. ಬಸ್ಸು ಬರುತ್ತದೆಂದು ರಸ್ತೆ ನೋಡುವವರು ನೋಡುವ ಹಾಗೆ ನೋಡಿದ. ಚಿಕ್ಕೋನು ಮಷಿನಿನ ಮೇಲೆ ಬಗ್ಗಿ ಬಾಬಿನ್ ತೆಗೆದ, ಅದರಲ್ಲಿ ದಾರ ತುಂಬಿತ್ತು, ಮತ್ತೆ ಒಳಗೆ ಹಾಕಿದ. ಆ ಕೆಲಸ ಮುಗಿಯಲು ಬಹಳ ಹೊತ್ತು ಹಿಡಿಯಿತು.

ಈಗ ದೊಡ್ಡೋನು ಸ್ಫೋಟಿಸುತ್ತಾನೆ ಎಂದು ಸೊಸೆ ಕಾದಳು. ಒಂದು ಸಲ ಅರಚಲಿ, ಒಂದು ಸಲ ಕೈ ಎತ್ತಲಿ. ಅಷ್ಟಾದರೆ ಹೆಣ ಬಿದ್ದ ದಿನ ಅತ್ತೆಗೆ ನೆನಪಾಗುತ್ತದೆ, ಉಳಿದದ್ದು ತಾನಾಗಿಯೇ ಆಗುತ್ತದೆ. ಅವನು ಕೈಗಳನ್ನು ಮುಂದೆ ಕಟ್ಟಿಕೊಂಡ. "ಮರ್ತುಬಿಟ್ಟೆ ಅಮ್ಮ" ಎಂದ.

"ಅಪ್ಪನ ಮಾತನ್ನೂ ಮರ್ತ್ಯಾ? ಅದನ್ನೂ ಅಲ್ಲೇ ಬಿಟ್ಟು ಬಂದ್ಯಾ?" ಅತ್ತೆಯ ದನಿ ಒಡೆಯಿತು. ಕೊಲೆಗೆ ಬೈಯದ ತಾಯಿ ಎರಡು ಇಂಚಿಗೆ ಬೈದಳು. "ಏಳು ವರ್ಷ ಒಂದು ಬಟ್ಟೆ ಕೆಡಲಿಲ್ಲ ಈ ಅಂಗಡೀಲಿ. ನೀನು ಬಂದು ತಿಂಗಳಾಗಿಲ್ಲ, ಅವರ ಮಾನ ತೆಗ್ದೆ, ನಮ್ಮದೂ ತೆಗ್ದೆ."

ಕೋಟನ್ನು ಸೊಸೆಯೇ ಉಳಿಸಿದಳು. ಪ್ರಾಂಶುಪಾಲರ ಕೈ ಹಿಡಿದು, "ನಾನಿದೀನಿ ಸಾರ್, ನೀವು ನಿಶ್ಚಿಂತೆಯಿಂದ ಹೋಗಿ" ಎಂದಳು. ಒಳಜೇಬಿನ ಬಟ್ಟೆ, ಚೂರುಪಾರು, ಎಲ್ಲ ಒಟ್ಟುಮಾಡಿ, ಎರಡೂ ಪಕ್ಕಗಳಲ್ಲಿ ಹೊಸ ಪಟ್ಟಿ ಕೂಡಿಸಿ, ಒಂದೂವರೆ ದಿನ ಬೆನ್ನು ನೆಟ್ಟಗೆ ಮಾಡದೆ ಕೂತು, ಕಣ್ಣಿಟ್ಟು ನೋಡಿದರೂ ಜೋಡಣೆ ಕಾಣದ ಹಾಗೆ ಹೊಲಿದಳು. ಅವಳು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದು. ಮದುವೆಯ ಮನೆಯಲ್ಲಿ ಪ್ರಾಂಶುಪಾಲರು ನೂರು ಜನರ ಮುಂದೆ ಮಾಸ್ಟರಮ್ಮನ ಹೆಸರೆತ್ತಿ ಹೊಗಳಿದರಂತೆ. ಅತ್ತೆ ಅವಳ ಬೆನ್ನು ಸವರಿ, "ನೀನಿಲ್ದಿದ್ರೆ ಈ ಮನೆ ಮುಳುಗ್ತಿತ್ತು ಕಣೇ" ಎಂದರು. ಮೇಜಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಒಂದನೇ ತಾರೀಖು ಬಂತು, ಹೋಯಿತು. ದೊಡ್ಡೋನ ಹಲಗೆಯನ್ನು ಅತ್ತೆಯೇ ತೆಗೆಸಿದರು. ಅವನಿಗೆ ಕಾಜಾ, ಗುಂಡಿ, ಇಸ್ತ್ರಿ.

ಕೆಲವು ದಿನಗಳ ಮೇಲೆ ಅತ್ತೆ ಒಳಗೆ ಮಲಗಿದ್ದಾಗ, ಚಿಕ್ಕೋನು ದಾರ ತರಲು ಹೋಗಿದ್ದಾಗ, ದೊಡ್ಡೋನು ಕಾಜಾ ಹೊಲಿಯುತ್ತಾ ತಲೆ ಎತ್ತದೆ ಹೇಳಿದ: "ನಿನ್ನ ಹೆಬ್ಬೆರಳು ನಲವತ್ತನಾಲ್ಕರ ಮೇಲಿತ್ತಮ್ಮಾ. ನಾನು ನೋಡ್ದೆ."

ಅವಳು ಕತ್ತರಿ ಕೆಳಗಿಟ್ಟಳು. "ನೋಡಿದ್ಮೇಲೆ ಯಾಕೆ ಕತ್ತರಿಸಿದ್ರಿ?"

"ಒಂದು ದಿನ ಬಟ್ಟೆ ಹಾಗೇ ಇಟ್ಟಿದ್ದೆನಲ್ಲ. ನೀನಲ್ದಿದ್ರೆ ಚಿಕ್ಕೋನಾದ್ರೂ ಬಂದು ಹೇಳ್ತಾನೆ ಅಂದ್ಕೊಂಡೆ. ಹೋದ ಸಲ ಅವನಿಗೆ ಕೋರ್ಟಿನ ಭಯ ಇತ್ತು. ಇಲ್ಲಿ ಯಾವ ಜಡ್ಜು ಇದ್ದ?"

"ಅತ್ತೆ ಮುಂದೆ ನೀವೇ ಹೇಳ್ಬೋದಿತ್ತು."

"ಹೇಳಿದ್ರೆ ನಂಬಬೇಕಲ್ಲ." ಅವನು ಹಲ್ಲಿನಿಂದ ದಾರ ಕಡಿದ. "ಮೇಜು ಬೇಕು ಅಂತ ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಬಿಟ್ಕೊಡ್ತಿದ್ದೆ ಕಣಮ್ಮಾ."

ಆ ಮಾತಿಗೆ ಅವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ರೋಷ. ಚಾದರ, ಪರದೆ, ಗಂಡನ ಪ್ಯಾಂಟು, ಬೊಬ್ಬೆಯೆದ್ದ ಹೆಬ್ಬೆರಳು, ಎಲ್ಲವೂ ಒಟ್ಟಿಗೆ ನೆನಪಾಗಿ, "ಬಿಟ್ಕೊಡೋಕೆ ಅದು ನಿಮ್ಮದಾಗಿದ್ರೆ ತಾನೆ ಭಾವ?" ಎಂದಳು.

ಅವನು "ಅದೂ ಸರೀನೇ" ಎಂದು ಮುಂದಿನ ಕಾಜಾಕ್ಕೆ ಸೂಜಿ ಹಾಕಿದ. ಜಗಳವಾಡಿದ್ದರೆ ಅವಳಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಆದರೂ ದಿನಗಳು ಹೊಂದಿಕೊಂಡವು. ಮನೆ ಎನ್ನುವುದು ಎಂಥದ್ದಕ್ಕೂ ಒಗ್ಗಿಕೊಳ್ಳುತ್ತದೆ. ಮೊದಮೊದಲು ಅತ್ತೆ ಹಿರಿಮಗನ ಪಕ್ಕ ಕೂತು ಊಟ ಬಡಿಸುತ್ತಿದ್ದರು; ಆಮೇಲೆ ತಟ್ಟೆಯನ್ನು ಮುಚ್ಚಿಟ್ಟು ಮಲಗತೊಡಗಿದರು. ಬೀದಿಯಲ್ಲಿ ಇಬ್ಬರು ಹೆಂಗಸರು ಮಕ್ಕಳನ್ನು ಬಟ್ಟೆ ಕೊಡಲು ಕಳಿಸುವುದು ನಿಲ್ಲಿಸಿ ತಾವೇ ಬಂದರು, ಬಂದವರು ಒಳಬಾಗಿಲ ಕಡೆ ಕಣ್ಣು ಹಾಯಿಸಿ ಮೂಗು ಮುರಿದರು. ಅತ್ತೆಗೆ ಅದು ನುಂಗಲಾರದ ತುತ್ತಾಯಿತು. ಒಂದು ದಿನ ಯಾರಿಗೂ ಅಲ್ಲ ಎಂಬಂತೆ, "ಏಳು ವರ್ಷ ಮನೆ ಎಷ್ಟು ನೆಮ್ಮದಿಯಾಗಿತ್ತು" ಎಂದರು. ದೊಡ್ಡೋನು ಆಗ ಅಲ್ಲೇ ನೀರು ಕುಡಿಯುತ್ತಿದ್ದ. ಲೋಟ ತೊಳೆದು ಬೋರಲಿಟ್ಟು ಹೋದ.

ಮದುವೆಯ ಕೋಟು ಒಂದು ದೊಡ್ಡ ಗಿರಾಕಿಯನ್ನು ಎಳೆದು ತಂದಿತು. ಊರಿನ ಹೊಸ ಹೋಟೆಲಿನ ಮ್ಯಾನೇಜರ್. ಅರವತ್ತು ಜನ ಕೆಲಸಗಾರರಿಗೆ ಕೋಟು, ಪ್ಯಾಂಟು, ವರ್ಷಕ್ಕೆ ಎರಡು ಸಲ. ಅಂಥ ಕೆಲಸ ಆ ಅಂಗಡಿ ಮಾವನ ಕಾಲದಲ್ಲೂ ಕಂಡಿರಲಿಲ್ಲ. ಸೊಸೆ ಮೂರು ದಿನ ಕೂತು ಮಾದರಿ ಕೋಟು ಹೊಲಿದಿಟ್ಟಿದ್ದಳು. ಚಿಕ್ಕೋನು ಹೊಸ ಶರ್ಟು ಹಾಕಿಕೊಂಡಿದ್ದ. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ದೊಡ್ಡೋನು ಒಳಬಾಗಿಲ ಪಕ್ಕ, ಇಸ್ತ್ರಿ ಹಲಗೆಯ ಹಿಂದೆ.

ಮ್ಯಾನೇಜರ್ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿದ, ಹೊಲಿಗೆ ಜಗ್ಗಿದ, ತಲೆದೂಗಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ. "ಕೆಲ್ಸದ ಬಗ್ಗೆ ಎರಡು ಮಾತಿಲ್ಲ. ಒಂದು ವಿಷ್ಯ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಈ ಮನೇಲಿ ಕೊಲೆ ಮಾಡಿ ಜೈಲಿಗೆ ಹೋಗ್ಬಂದೋನು ಒಬ್ಬ ಇದಾನೆ ಅಂತ ಯಾರೋ ಅಂದ್ರು. ನಮ್ಮ ಯಜಮಾನ್ರಿಗೆ ಇಂಥದ್ದೆಲ್ಲ ಆಗ್ಬರಲ್ಲ."

"ಯಾರೋ ಆಗದೋರು ಹೇಳಿರ್ಬೇಕು ಸಾರ್. ನಾವಿರೋದು ಮೂರೇ ಜನ" ಎಂದಳು ಸೊಸೆ. ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು.

"ಮತ್ತೆ ಇವ್ರು?"

"ಇಸ್ತ್ರಿ ಕೆಲ್ಸಕ್ಕೆ ಇಟ್ಕೊಂಡಿದೀವಿ."

ಇಸ್ತ್ರಿ ಪೆಟ್ಟಿಗೆ ಒಂದು ತೋಳಿನ ಮೇಲೆ ಹೋಗಿ ಬಂತು, ನಿಲ್ಲಲಿಲ್ಲ. ಚಿಕ್ಕೋನು ತನ್ನ ಹೊಸ ಶರ್ಟಿನ ಗುಂಡಿ ನೋಡಿಕೊಂಡ. ಮ್ಯಾನೇಜರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಅವನು ಅತ್ತೆಯ ಕಡೆ ತಿರುಗಿ, ವಯಸ್ಸಾದವರೊಡನೆ ಮಾತಾಡುವ ಮೆತ್ತನೆಯ ದನಿಯಲ್ಲಿ, "ಅಮ್ಮಾ, ನಿಮಗೆ ಎಷ್ಟು ಜನ ಮಕ್ಕಳು?" ಎಂದು ಕೇಳಿದ.

ಎಲ್ಲವೂ ಈಗ ಮುದುಕಿಯ ಬಾಯಲ್ಲಿತ್ತು. ಹೆತ್ತ ಕರುಳು, ಅತ್ತುಬಿಡುತ್ತಾರೆ, ಎದ್ದು ಹೋಗಿ ಅವನ ಕೈ ಹಿಡಿಯುತ್ತಾರೆ, ಅರವತ್ತು ಕೋಟು ಹೋಯಿತು, ಎಂದುಕೊಂಡಳು ಸೊಸೆ. ಅತ್ತೆ ಮಾದರಿ ಕೋಟನ್ನು ನೋಡಿದರು. ಚಿಕ್ಕೋನ ಹೊಸ ಶರ್ಟನ್ನು ನೋಡಿದರು. ಒಳಬಾಗಿಲ ಕಡೆ ಮಾತ್ರ ನೋಡಲಿಲ್ಲ.

"ಒಬ್ನೇ ಕಣಪ್ಪಾ" ಎಂದರು. "ಇವನೊಬ್ನೇ."

ಸುಳ್ಳಿಗೆ ಸೊಸೆ ತಯಾರಾಗಿಯೇ ಬಂದಿದ್ದಳು. ಅತ್ತೆ ತನಗಿಂತ ಮುಂಚೆ ತಯಾರಾಗಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೆದ್ದಿದ್ದಳು, ಬೇಕಾದದ್ದಕ್ಕಿಂತ ಹೆಚ್ಚೇ ಗೆದ್ದಿದ್ದಳು. ಆದರೂ ಆ ಕುರ್ಚಿಯಲ್ಲಿ ಕೂತವರು ನಾಳೆ ತನ್ನನ್ನು ಎಣಿಸುವಾಗ ಏನು ಹೇಳಿಯಾರು ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು.

ಮ್ಯಾನೇಜರ್ ನಕ್ಕು ಕಾಗದ ತೆಗೆದ. ಇಸ್ತ್ರಿಯ ಸದ್ದು ನಿಂತಿತ್ತು. ದೊಡ್ಡೋನು ಹಲಗೆ ಬಿಟ್ಟು ಮುಂದೆ ಬರುತ್ತಿದ್ದ. ಚಿಕ್ಕೋನು ಎರಡು ಹೆಜ್ಜೆ ಹಿಂದೆ ಸರಿದ. ಸೊಸೆ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಮೂವರನ್ನೂ ದಾಟಿ ಬಂದು ತಾಯಿಯ ಕುರ್ಚಿಯ ಮುಂದೆ ನಿಂತು, ಸ್ವಲ್ಪ ಬಗ್ಗಿದ.

"ಅಮ್ಮಾವ್ರೇ, ಒಂಚೂರು ಕಾಲು ಎತ್ತುತೀರಾ?" ಎಂದ. "ಇಸ್ತ್ರಿ ವೈರು ನಿಮ್ಮ ಕಾಲಡಿ ಸಿಕ್ಕಿದೆ."

ಅತ್ತೆ ಕಾಲೆತ್ತಿದರು. ಅವನು ವೈರನ್ನು ಬಿಡಿಸಿಕೊಂಡು, ಮ್ಯಾನೇಜರಿಗೆ ಅಡ್ಡವಾಗದ ಹಾಗೆ ಗೋಡೆಯ ಅಂಚಿನಿಂದಲೇ ಹಲಗೆಗೆ ಹಿಂದಿರುಗಿದ.